3.4 ಕೆಲ್ವಿನ್‌ನಲ್ಲಿ ಕಾಣ್ತಿರೋದು ಎರಡನೇ ಫೇಸ್ ಅಲ್ಲ, ಇಂಡಿಯಂ

ನೋಡಪ್ಪ, ನಿನ್ನೆ ನೀನು ಹಾಕಿರೋ ಕೋಬಾಲ್ಟ್ 115 (ಸೀರಿಯಂ, ಕೋಬಾಲ್ಟ್, ಇಂಡಿಯಂ 1:1:5ರಲ್ಲಿ ಸೇರಿರೋ ಕ್ರಿಸ್ಟಲ್) ರೆಸಿಸ್ಟಿವಿಟಿ ಪ್ಲಾಟ್ ನೋಡ್ದೆ. 2.3 ಕೆಲ್ವಿನ್‌ನಲ್ಲಿ ರೆಸಿಸ್ಟೆನ್ಸ್ ಸೊನ್ನೆಗೆ ಬಿದ್ದು ಸೂಪರ್‌ಕಂಡಕ್ಟರ್ ಆಗಿದೆ, ಅದು ಸರಿ. ಆದ್ರೆ 3.4ರಲ್ಲಿ ಅರ್ಧಕ್ಕೆ ಇಳಿದಿರೋದನ್ನ ಎರಡನೇ ಸೂಪರ್‌ಕಂಡಕ್ಟಿಂಗ್ ಫೇಸ್ ಅಂತ ಬರ್ದಿದೀಯಲ್ಲ, ಗೈಡ್‌ಗೆ ಕಳಿಸೋ ಮುಂಚೆ ದಯವಿಟ್ಟು ತಡಿ. ಅದು ಫ್ಲಕ್ಸ್‌ನ, ಅಂದ್ರೆ ಕ್ರಿಸ್ಟಲ್ ಬೆಳೆಸೋಕೆ ಕರಗಿಸಿದ ಲೋಹದ, ಉಳಿಕೆ ಇಂಡಿಯಂ; ಅದು 3.4ರಲ್ಲಿ ತಾನೇ ಸೂಪರ್‌ಕಂಡಕ್ಟರ್ ಆಗುತ್ತೆ.

ಇದೇ ತಪ್ಪಲ್ಲಿ ನನ್ನ ಎರಡು ತಿಂಗಳು ಹೋಯ್ತು. ಮೈಕ್ರೋಸ್ಕೋಪಲ್ಲಿ ಪ್ಲೇಟ್ ಆಕಾರದ ಕ್ರಿಸ್ಟಲ್ ಕನ್ನಡಿ ತರ ಹೊಳೀತಿತ್ತು, ಎಚ್‌ಸಿಎಲ್ ಆಸಿಡ್‌ನಲ್ಲಿ ತೊಳೆದೂ ಇದ್ದೆ, ಇನ್ನೇನು ಬೇಕು ಅಂದ್ಕೊಂಡೆ. ಕೊನೆಗೆ ಬ್ಲೇಡಲ್ಲಿ ಅಂಚು ಸೀಳಿದ್ರೆ ಪದರದ ಮಧ್ಯೆ ಬೆಳ್ಳಗೆ ಒಂದು ಗೆರೆ, ಸೂಜಿ ತುದಿ ತಾಗಿಸಿದ್ರೆ ಬೆಣ್ಣೆ ತರ ಒಳಗೆ ಹೋಗ್ತಿತ್ತು. ಆಸಿಡ್ ಅಲ್ಲಿಗೆ ತಲುಪೋದೇ ಇಲ್ಲ.

ಅದಕ್ಕೇ ನಾನೀಗ ಪ್ರತಿ ಪೀಸನ್ನೂ ಮೊದಲು 1000 ಅರ್ಸ್ಟೆಡ್ (0.1 ಟೆಸ್ಲಾ) ಮ್ಯಾಗ್ನೆಟಿಕ್ ಫೀಲ್ಡಲ್ಲಿ ಅಳೀತೀನಿ. ಇಂಡಿಯಂನ ಸೂಪರ್‌ಕಂಡಕ್ಟಿವಿಟಿ 300 ಅರ್ಸ್ಟೆಡ್ಡೇ ತಡೆಯಲ್ಲ, 115ದು ಹೋಗೋಕೆ ಸಿ-ಆಕ್ಸಿಸ್‌ನಲ್ಲೇ (ಪ್ಲೇಟ್‌ಗೆ ಲಂಬವಾಗಿ) ಸುಮಾರು 5 ಟೆಸ್ಲಾ ಬೇಕು, ಹಾಗಾಗಿ 3.4ದು ಮಾಯ ಆಗಿ 2.3ದು ಅಲ್ಲಾಡದೆ ನಿಂತ್ರೆ ಮುಗೀತು. ಆದ್ರೆ ಝೀರೋ ಫೀಲ್ಡ್ ಜೊತೆ ಹೋಲಿಸುವಾಗ ಹುಷಾರು, ಮುಂಚೆ 9 ಟೆಸ್ಲಾಗೆ ಹೋಗಿ ಬಂದಿದ್ರೆ ಮ್ಯಾಗ್ನೆಟ್ಟಲ್ಲಿ ಒಂಚೂರು ಫೀಲ್ಡ್ ಉಳ್ಕೊಂಡಿರುತ್ತೆ, ಆಸಿಲೇಟ್ ಮೋಡಲ್ಲೇ (ಫೀಲ್ಡನ್ನ ಆಚೆ-ಈಚೆ ತೂಗಿಸ್ತಾ ಕಮ್ಮಿ ಮಾಡೋದು) ಸೊನ್ನೆಗೆ ತಾ. ಹೀಟ್ ಕೆಪ್ಯಾಸಿಟೀನೂ ಮಾಡು, ಅದು ಇಡೀ ಪೀಸನ್ನ ಅಳೆಯುತ್ತೆ, ತೆಳು ಗೆರೆಯನ್ನಲ್ಲ; 2.3ರಲ್ಲಿ ದೊಡ್ಡ ಜಿಗಿತ ಇರುತ್ತೆ, 3.4ರಲ್ಲಿ ಏನೂ ಕಾಣಲ್ಲ ಅನ್ನೋಷ್ಟು. ಕಾಂಟ್ಯಾಕ್ಟ್‌ಗೆ ಇಂಡಿಯಂ ಒತ್ತಲೇಬೇಡ, ಟಿನ್-ಲೆಡ್ ಸೋಲ್ಡರೂ ಬೇಡ, ಅದು 7 ಕೆಲ್ವಿನ್ ಹತ್ರ ತಾನೇ ಸೂಪರ್‌ಕಂಡಕ್ಟರ್ ಆಗುತ್ತೆ. ಡುಪಾಂಟ್ 4929 ಸಿಲ್ವರ್ ಪೇಂಟ್ ಬಿಟ್ಟು ನನಗೆ ಬೇರೆ ಯಾವುದ್ರ ಮೇಲೂ ನಂಬಿಕೆ ಇಲ್ಲ.

ಒಂದೇ ಪೀಸ್ ಅಳೆದು ಫೇಸ್ ಡಯಾಗ್ರಾಂ ಬರಿಯೋ ಅವಸರ ಯಾಕೆ? ಯುರೇನಿಯಂ ಡೈಟೆಲ್ಯುರೈಡ್ ಅನ್ನೋ ಸೂಪರ್‌ಕಂಡಕ್ಟರ್‌ದು ನೆನಪಿಲ್ವಾ, ಮೊದಮೊದಲ ಕೆಲವು ಕ್ರಿಸ್ಟಲ್‌ಗಳಲ್ಲಿ ಎರಡು ಜಿಗಿತ ಕಂಡು ಎಷ್ಟು ಚರ್ಚೆ ಆಯ್ತು, ಆಮೇಲೆ ಒಳ್ಳೆ ಕ್ರಿಸ್ಟಲ್‌ಗಳಲ್ಲಿ 2 ಕೆಲ್ವಿನ್ ಹತ್ರ ಒಂದೇ. ಆದ್ರೆ ಪ್ರೆಶರ್ ಹಾಕಿದ್ರೆ ಅದರಲ್ಲೇ ನಿಜವಾಗ್ಲೂ ಎರಡು ಫೇಸ್ ಬರುತ್ತೆ, ಅದನ್ನ ಇದಕ್ಕೆ ಬೆರೆಸ್ಬೇಡ. ಯುಪಿಟಿ3 (ಯುರೇನಿಯಂ-ಪ್ಲಾಟಿನಂ) ದೂ ನಿಜವಾದ್ದೇ, ಎರಡು ಜಿಗಿತದ ಮಧ್ಯೆ ಸುಮಾರು 0.05 ಕೆಲ್ವಿನ್ ಅಷ್ಟೇ, ಅನೀಲ್ (ಬಿಸಿಯಲ್ಲಿಟ್ಟು ಹದ ಮಾಡೋದು) ಸರಿಯಾಗದಿದ್ರೆ ಬೇರೆಬೇರೆಯಾಗಿ ಕಾಣೋದೂ ಇಲ್ಲ. ಸೀರಿಯಂ ಕಾಪರ್ ಸಿಲಿಕಾನ್ 122 ಅಂತೂ ಕಾಪರ್ ಒಂಚೂರು ಕಮ್ಮಿ ಆದ್ರೆ ಮ್ಯಾಗ್ನೆಟಿಕ್, ಒಂಚೂರು ಜಾಸ್ತಿ ಆದ್ರೆ ಸೂಪರ್‌ಕಂಡಕ್ಟಿಂಗ್, ಅಲ್ಲಿ ಎರಡು ಆರ್ಡರ್ ಪೈಪೋಟಿ ನಡೆಸ್ತಿರೋದು ನಿಜ, ಆದ್ರೆ ತೂಕದಲ್ಲಿ ಎಡವಟ್ಟಾದ್ರೆ ನೀನು ಅಳೀತಿರೋದು ನಿನ್ನ ತಕ್ಕಡೀನ.

ಕ್ರಿಸ್ಟಲ್ ಬೆಳೆಸೋ ಫರ್ನೇಸ್‌ಗೆ ಯುಪಿಎಸ್ ಇದ್ಯಾ? ಸಂಜೆ ಮಳೆ ಬಂದ್ರೆ ಬೆಂಗಳೂರಲ್ಲಿ ಕರೆಂಟ್ ಕೈ ಕೊಡುತ್ತೆ, ನಿಧಾನವಾಗಿ ತಣಿಸೋ ಹೊತ್ತಲ್ಲೇ ಹೋದ್ರೆ ಬ್ಯಾಚೇ ಹಾಳು. ಪ್ಲೇಟ್ ಜೊತೆ ಚಿಕ್ಕ ಕ್ಯೂಬ್‌ಗಳು ಸಿಕ್ಕಿದ್ರೆ ಬೇರೆ ಎತ್ತಿಡು, ಅವು ಸೀರಿಯಂ ಇಂಡಿಯಂ-3, 10 ಕೆಲ್ವಿನ್ ಹತ್ರ ಮ್ಯಾಗ್ನೆಟಿಕ್ ಕಿಂಕ್ ಕೊಟ್ಟು ಮತ್ತೆ ದಾರಿ ತಪ್ಪಿಸ್ತವೆ. 1000 ಅರ್ಸ್ಟೆಡ್ ರನ್ ಮಾಡಿ ಎರಡೂ ಕರ್ವ್ ಒಂದೇ ಪ್ಲಾಟಲ್ಲಿ ಹಾಕು, ನೋಡ್ತೀನಿ.