ಆಟ ಬಿಟ್ಟ ಹುಡುಗಿಯ ಪರವಾಗಿ

ಶಿರಸಿಯಿಂದ ಓದುಗರೊಬ್ಬರು ಬರೆಯುತ್ತಾರೆ:

"ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಟೆನಿಸ್ ಆಟಗಾರ್ತಿ ಆಶ್ಲಿ ಬಾರ್ಟಿ ಬಗ್ಗೆ ಬರೆದಿದ್ದೀರಿ. 18ನೇ ವಯಸ್ಸಿಗೆ ರ‍್ಯಾಕೆಟ್ ಕೆಳಗಿಟ್ಟು ಹೋದದ್ದನ್ನು ಧೈರ್ಯ ಎಂದು ಕೊಂಡಾಡಿದ್ದೀರಿ. ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದವನು ನಾನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಅದೇ ದೇಶದ ಲೇಟನ್ ಹೆವಿಟ್ 16ಕ್ಕೇ ಪಂದ್ಯಾವಳಿ ಗೆದ್ದವನು. ಅವನೇನು ರಜೆ ಕೇಳಿದನೇ? ಇಂಥದ್ದನ್ನು ಓದಿದ ಮಕ್ಕಳು ನಾಳೆ ಬೆವರು ಬಂದ ಕೂಡಲೇ ಮನೆ ದಾರಿ ಹಿಡಿಯುತ್ತಾರೆ. ನನ್ನ ಖೋ ಖೋ ತಂಡದಲ್ಲೂ ಒಬ್ಬಳಿದ್ದಳು. ಇಡೀ ಜಿಲ್ಲೆಯಲ್ಲಿ ಅವಳಷ್ಟು ಚುರುಕಿನವಳು ಇರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಒಂದು ದಿನ ಮೈದಾನಕ್ಕೆ ಬರುವುದನ್ನೇ ನಿಲ್ಲಿಸಿದಳು. ನನ್ನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು."

ಸಂಪಾದಕರ ಉತ್ತರ:

ಮೇಷ್ಟ್ರೇ, ಇನ್‌ಲ್ಯಾಂಡ್ ಲೆಟರಿನ ಮಡಿಕೆಯಂಚಿನವರೆಗೂ ತುಂಬಿಸಿ ಬರೆದಿದ್ದೀರಿ. ಮೂವತ್ತೊಂದು ವರ್ಷ ಬಿಸಿಲಲ್ಲಿ ಸೀಟಿ ಊದಿದವರ ಮಾತನ್ನು ತಳ್ಳಿಹಾಕುವ ಧಾರ್ಷ್ಟ್ಯ ನನಗಿಲ್ಲ. ಹೆವಿಟ್ ವಿಷಯದಲ್ಲಿ ನೀವು ಹೇಳಿದ್ದು ದಿಟ. 1998ರಲ್ಲಿ ಅಡಿಲೇಡ್‌ನಲ್ಲಿ ಆಡುವಾಗ ಆತನ ರ‍್ಯಾಂಕಿಂಗ್ 550. ಸೆಮಿಫೈನಲ್‌ನಲ್ಲಿ ಅಮೆರಿಕದ ಹೆಸರಾಂತ ಆಟಗಾರ ಆಂಡ್ರೆ ಅಗಾಸಿಯನ್ನೇ ಕೆಡವಿ ಪ್ರಶಸ್ತಿ ಎತ್ತಿಕೊಂಡ. ಇಪ್ಪತ್ತಕ್ಕೆ ಜಗತ್ತಿನ ನಂಬರ್ ಒನ್. ಅಂಥ ಮಕ್ಕಳೂ ಹುಟ್ಟುತ್ತಾರೆ, ಒಪ್ಪಿದೆ. ಆದರೆ ಅವನ ಅಳತೆಯ ಅಂಗಿಯನ್ನು ಊರಿನ ಎಲ್ಲ ಮಕ್ಕಳಿಗೂ ತೊಡಿಸಲು ಹೊರಟಾಗ ನನಗೆ ಸಂಕಟವಾಗುತ್ತದೆ.

ಬಾರ್ಟಿ ಬಗ್ಗಿದ ಗಿಡವೇ, ಮೇಷ್ಟ್ರೇ. ಕ್ವೀನ್ಸ್‌ಲ್ಯಾಂಡಿನ ಇಪ್ಸ್‌ವಿಚ್‌ನ ಹುಡುಗಿ, ತಂದೆಯ ಕಡೆಯಿಂದ ನಗರಿಗೋ ಮೂಲನಿವಾಸಿಗಳ ವಂಶದವಳು. ನಾಲ್ಕು ವರ್ಷದವಳಿದ್ದಾಗ ಜಿಮ್ ಜಾಯ್ಸ್ ಎಂಬ ತರಬೇತುದಾರರ ಅಂಗಳಕ್ಕೆ ಬಂದಳು. ಅಷ್ಟು ಚಿಕ್ಕವರನ್ನು ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ಪರೀಕ್ಷೆಗೆಂದು ಒಂದು ಚೆಂಡು ಎಸೆದರು. ಅದನ್ನು ಮಗು ನೇರವಾಗಿ, ರಭಸವಾಗಿ ಹಿಂದಕ್ಕೆ ಹೊಡೆದ ಬಗೆ ನೋಡಿ ಸೇರಿಸಿಕೊಂಡರು. ಮನೆಗೆ ಹೋದರೆ ಹೊರಗೋಡೆಗೆ ಚೆಂಡು ಹೊಡೆಯುತ್ತ ನಿಲ್ಲುತ್ತಿದ್ದಳಂತೆ. ಬಾಲ್ಯದ ಅಭ್ಯಾಸ, ಶಿಸ್ತು, ಗುರುಭಕ್ತಿ, ನೀವು ಕೇಳುವುದೆಲ್ಲ ಅಲ್ಲಿತ್ತು. 2011ರಲ್ಲಿ 15ನೇ ವಯಸ್ಸಿಗೆ ವಿಂಬಲ್ಡನ್ ಜೂನಿಯರ್ ಪ್ರಶಸ್ತಿಯೂ ಬಂತು.

ಕಷ್ಟ ಶುರುವಾದದ್ದು ಆಮೇಲೆ. ಮರುವರ್ಷದ ಜನವರಿಯಲ್ಲಿ, ಇನ್ನೂ 15 ದಾಟದವಳು, ಆಸ್ಟ್ರೇಲಿಯನ್ ಓಪನ್‌ನಲ್ಲಿ ದೊಡ್ಡವರ ಜೊತೆ ಕಣಕ್ಕಿಳಿದಳು. ಆ 2012ರಲ್ಲಿ ಮನೆಯಲ್ಲಿ ಕಳೆದದ್ದು ಒಟ್ಟು 27 ದಿನ. ಈ ಒಂದು ಅಂಕಿಯ ಮೇಲೆ ಸ್ವಲ್ಪ ಹೊತ್ತು ಕೂತು ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಹಾಸ್ಟೆಲ್ ಮಕ್ಕಳಿಗೆ ದಸರಾ ರಜೆ, ಬೇಸಿಗೆ ರಜೆ ಸೇರಿದರೆ ಅದರ ಎರಡು ಪಟ್ಟಾದರೂ ಸಿಗುತ್ತದೆ. 2013ರಲ್ಲಿ ತನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಕೇಸಿ ಡೆಲಾಕ್ವಾ ಜೊತೆ, ಟೆನಿಸ್ಸಿನ ನಾಲ್ಕು ಅತಿ ದೊಡ್ಡ ಪಂದ್ಯಾವಳಿಗಳ ಪೈಕಿ ಮೂರರಲ್ಲಿ, ಅಂದರೆ ಮೂರು ಗ್ರ್ಯಾನ್‌ಸ್ಲಾಮ್ ಡಬಲ್ಸ್ ಫೈನಲ್ ಆಡಿದಳು: ಮೆಲ್ಬರ್ನ್, ವಿಂಬಲ್ಡನ್, ನ್ಯೂಯಾರ್ಕ್. ಮೂರರಲ್ಲೂ ಸೋಲು. ಹದಿನೇಳರ ಹುಡುಗಿ ಮೂರು ಫೈನಲ್ ತಲುಪಿದ್ದೇ ಪವಾಡ ಎನ್ನುವ ಬದಲು, ಸಿಂಗಲ್ಸ್‌ನಲ್ಲಿ ಯಾವಾಗ ಗೆಲ್ಲುತ್ತಾಳೆ ಎಂದು ಇಡೀ ದೇಶ ಕೇಳತೊಡಗಿತು. 2014ರ ಯುಎಸ್ ಓಪನ್ ಮುಗಿಸಿ ಊರಿಗೆ ಬಂದವಳು ಸಾಕು ಎಂದಳು.

ನೀವು ಇದನ್ನು ಓಡಿಹೋದದ್ದು ಎನ್ನುತ್ತೀರಿ. ಮುಂದೇನಾಯಿತು ನೋಡಿ. ಮನೆಯವರು ತಡೆಯಲಿಲ್ಲ. 1970ರ ದಶಕದಲ್ಲಿ ವಿಂಬಲ್ಡನ್ ಗೆದ್ದ, ಬಾರ್ಟಿಯಂತೆಯೇ ಮೂಲನಿವಾಸಿ ಸಮುದಾಯದವರಾದ ಇವಾನ್ ಗೂಲಗಾಂಗ್, ಒಳ್ಳೆಯ ನಿರ್ಧಾರ, ಹೋಗಿ ಗಾಳ ಹಾಕಿಕೊಂಡು ಕೂತುಕೋ ಎಂಬರ್ಥದ ಸಂದೇಶ ಕಳಿಸಿದರು. ನಮ್ಮಲ್ಲಿ ಯಾವ ಹಿರಿಯ ಆಟಗಾರರು ಇಂಥ ಮಾತು ಹೇಳಿಯಾರು? ಹುಡುಗಿ ನಿಜಕ್ಕೂ ಮೀನು ಹಿಡಿದಳು. ಕ್ರಿಕೆಟ್ಟನ್ನು ಕ್ರಮವಾಗಿ ಕಲಿಯದವಳು ಬ್ಯಾಟು ಹಿಡಿದು, 2015ರಲ್ಲಿ ಮಹಿಳೆಯರ ಮೊದಲ ಬಿಗ್ ಬ್ಯಾಷ್ ಲೀಗ್‌ನಲ್ಲಿ ಬ್ರಿಸ್ಬೇನ್ ಹೀಟ್ ತಂಡ ಸೇರಿ, ಮೊದಲ ಪಂದ್ಯದಲ್ಲೇ ಮೆಲ್ಬರ್ನ್ ಸ್ಟಾರ್ಸ್ ವಿರುದ್ಧ 27 ಎಸೆತಕ್ಕೆ 39 ರನ್ ಹೊಡೆದಳು. ಟೆನಿಸ್‌ನಲ್ಲಿ ಸೋತರೆ ಅಂಗಳದಲ್ಲಿ ಒಬ್ಬಳೇ ನಿಲ್ಲಬೇಕು. ಇಲ್ಲಿ ಔಟಾಗಿ ಬಂದರೆ ಬೆಂಚಿನ ಮೇಲೆ ಹತ್ತು ಜನ ಗೆಳತಿಯರು.

2016ರಲ್ಲಿ ತಾನಾಗಿಯೇ ವಾಪಸು ಬಂದಳು. ಮೊದಲು ಸಣ್ಣ ಪಂದ್ಯಾವಳಿಗಳಲ್ಲಿ ಡಬಲ್ಸ್, ಆಮೇಲೆ ಸಿಂಗಲ್ಸ್. ಆ ವರ್ಷದ ಕೊನೆಗೆ 325ನೇ ಸ್ಥಾನ, ಮರುವರ್ಷ 17. 2019ರ ಜೂನ್‌ನಲ್ಲಿ ಫ್ರೆಂಚ್ ಓಪನ್ ಗೆದ್ದು, ಅದೇ ತಿಂಗಳು ಜಗತ್ತಿನ ಅಗ್ರಸ್ಥಾನ. ಮೇಷ್ಟ್ರೇ, ಟೆನಿಸ್ ಬಿಟ್ಟಿದ್ದ ಆ ಒಂದೂವರೆ ವರ್ಷವನ್ನು ನೀವು ಆಕೆಯ ಆಟದ ಲೆಕ್ಕದಿಂದ ಕಳೆಯುತ್ತೀರಿ. ನಾನು ಕೂಡಿಸುತ್ತೇನೆ. ನಮ್ಮ ಜಗಳ ಇಷ್ಟೇ.

ಬಿಡುವ ಸ್ವಾತಂತ್ರ್ಯವೇ ಇಲ್ಲದ ಮಗುವಿನ ಕಥೆಯೂ ಅದೇ ಆಸ್ಟ್ರೇಲಿಯಾದಲ್ಲಿದೆ. 1999ರ ವಿಂಬಲ್ಡನ್‌ನಲ್ಲಿ ಅರ್ಹತಾ ಸುತ್ತು ದಾಟಿ ಬಂದ 16ರ ಜೆಲೆನಾ ಡೊಕಿಕ್, ಅಗ್ರ ಶ್ರೇಯಾಂಕದ ಮಾರ್ಟಿನಾ ಹಿಂಗಿಸ್‌ಳನ್ನು 6-2, 6-0ರಿಂದ ಮುಗಿಸಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆ ಹುಡುಗಿ ಸೋತ ದಿನ ಅಪ್ಪನಿಂದ ಬೆಲ್ಟಿನ ಏಟು ತಿನ್ನುತ್ತಿದ್ದಳೆಂಬುದು ಎಷ್ಟೋ ವರ್ಷಗಳ ಮೇಲೆ ಅವಳೇ ಆತ್ಮಕಥೆಯಲ್ಲಿ ಬರೆದುಕೊಂಡಾಗಲೇ ಗೊತ್ತಾದದ್ದು. ಅವಳೂ ನಾಲ್ಕನೇ ರ‍್ಯಾಂಕಿನವರೆಗೆ ಏರಿದಳು. ಆ ಏರಿಕೆಗೆ ಶಿಸ್ತೇ ಕಾರಣ ಎಂದು ಯಾರಾದರೂ ಹೇಳಿದರೆ ನನಗೆ ಊಟ ಸೇರುವುದಿಲ್ಲ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 14 ತುಂಬುವ ಮೊದಲೇ ವೃತ್ತಿಪರಳಾಗಿ, ಹರೆಯದಲ್ಲೇ ಬಸವಳಿದು ಆಟದಿಂದ ದೂರವಾದ ಮೇಲೆ, ಮಹಿಳಾ ಟೆನಿಸ್ ಸಂಘ 1995ರಿಂದ 18ರೊಳಗಿನವರು ವರ್ಷಕ್ಕೆ ಇಂತಿಷ್ಟೇ ಪಂದ್ಯಾವಳಿ ಆಡಬೇಕೆಂದು ಮಿತಿ ಹಾಕಿತು. ದುಡ್ಡು ಹುಟ್ಟುವ ಜಾಗದಲ್ಲೂ ಅಷ್ಟು ವಿವೇಕ ಬಂತು.

ನಮಗೆ ಬಂದಿದೆಯೇ? ಇಪ್ಪತ್ತೈದು ವರ್ಷದ ಹಿಂದೆ, ನಾನಿನ್ನೂ ವರದಿಗಾರನಾಗಿದ್ದಾಗ, ಹನ್ನೊಂದು ವರ್ಷದ ಟೆನಿಸ್ ಹುಡುಗಿಯೊಬ್ಬಳನ್ನು ಮಾತಾಡಿಸಲು ಹೋಗಿದ್ದೆ. ಬೆಳಗಿನ ಆರು ಗಂಟೆಗೆ ಆಗಲೇ ಒಂದು ಸುತ್ತು ಅಭ್ಯಾಸ ಮುಗಿದಿತ್ತು. ನಾನು ಕೇಳಿದ ಪ್ರಶ್ನೆಗೆಲ್ಲ ತಂದೆಯೇ ಉತ್ತರ ಕೊಟ್ಟರು. ಹುಡುಗಿಯ ಬಲಗೈ ಹೆಬ್ಬೆರಳ ಬುಡದಲ್ಲಿ ಬೆವರಿಗೆ ಕಪ್ಪಾದ ಪ್ಲಾಸ್ಟರ್ ಇತ್ತು. ಅದರ ಅಂಚನ್ನು ಉಗುರಿನಿಂದ ಎಬ್ಬಿಸುವಳು, ಮತ್ತೆ ಅಂಟಿಸುವಳು. "ನಿನಗೆ ಬೇರೆ ಏನು ಇಷ್ಟ ಪುಟ್ಟಿ?" ಎಂದೆ. ಅಪ್ಪನ ಮುಖ ನೋಡಿದಳು. ನಾನು ಆ ಪ್ಲಾಸ್ಟರ್ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. "ನಾಳಿನ ತಾರೆ" ಎಂದು ಶೀರ್ಷಿಕೆ ಕೊಟ್ಟೆ. ಎಷ್ಟೋ ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ತಂದೆ ಸಿಕ್ಕರು. "ಬಿಟ್ಟುಬಿಟ್ಟಳು ಸಾರ್" ಎಂದರು, ಸಾವಿನ ಸುದ್ದಿ ಹೇಳುವವರ ದನಿಯಲ್ಲಿ. ಟೀವಿಯಲ್ಲಿ ಟೆನಿಸ್ ಬಂದರೆ ಮಗಳು ಎದ್ದು ಒಳಗೆ ಹೋಗುತ್ತಾಳಂತೆ. ಆ ಶೀರ್ಷಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಪತ್ರಿಕೆಗಳಷ್ಟೇ ಅಲ್ಲ. ಟೀವಿ ವೇದಿಕೆಯಲ್ಲಿ ಆರು ವರ್ಷದ ಮಗುವನ್ನು ಹಾಡಿಸಿ, ಅದು ಅತ್ತಾಗ ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ಒಯ್ಯುತ್ತೇವೆ. ಆರನೇ ತರಗತಿಗೇ ನೀಟ್ ಫೌಂಡೇಷನ್ ಎಂದು ಫೀಸು ಕಟ್ಟುತ್ತೇವೆ. ಆಟದ ಪೀರಿಯಡ್ಡನ್ನು ಗಣಿತದವರಿಗೆ ಕೊಟ್ಟುಬಿಡಿ ಎಂದು ನಿಮ್ಮನ್ನೇ ಎಷ್ಟು ಸಲ ಕೇಳಿರಬೇಕು, ಮೇಷ್ಟ್ರೇ! ಒಂದು ವರ್ಷ ಸುಮ್ಮನಿರುತ್ತೇನೆ ಎಂದ ಮಗುವನ್ನು ಬಂಧುಬಳಗದ ಮುಂದೆ ತಲೆ ತಗ್ಗಿಸಿ ನಿಲ್ಲಿಸುತ್ತೇವೆ. ತಡವಾಗಿ ಫಲ ಕೊಡುವವರನ್ನು ಕಾಯುವ ವ್ಯವಧಾನವೂ ನಮಗಿಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾನ್‌ಸ್ಲಾಮ್ ಎತ್ತಿದ್ದು 43ನೇ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ. ಅದೂ ಬಾರ್ಟಿಯ ದೇಶದಲ್ಲೇ, ಅಲ್ಲಿಯವರೇ ಆದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ.

ಬಿಟ್ಟವರೆಲ್ಲ ಬಾರ್ಟಿಯಂತೆ ಮರಳುವುದಿಲ್ಲ ಎಂದು ನೀವು ಹೇಳಬಹುದು. ಹೌದು, ಮರಳುವುದಿಲ್ಲ. ಬಾರ್ಟಿಯೂ 2022ರ ಮಾರ್ಚ್‌ನಲ್ಲಿ, ಆಸ್ಟ್ರೇಲಿಯನ್ ಓಪನ್ ಗೆದ್ದ ಎರಡೇ ತಿಂಗಳಿಗೆ, ಅಗ್ರಸ್ಥಾನದಲ್ಲಿರುವಾಗಲೇ, 25ಕ್ಕೆ ಮತ್ತೆ ಬಿಟ್ಟಳು. ಆ ಸಲ ಅವಳ ಪಕ್ಕದಲ್ಲಿ ಕೂತು ಮಾತಾಡಿಸಿದ್ದು ಅದೇ ಹಳೆಯ ಗೆಳತಿ ಕೇಸಿ ಡೆಲಾಕ್ವಾ.

ಇನ್ನು ನಿಮ್ಮ ಖೋ ಖೋ ಹುಡುಗಿ. ಅವಳ ಚುರುಕನ್ನು ಇಷ್ಟು ವರ್ಷದ ಮೇಲೂ ನೆನೆಯುತ್ತೀರೆಂದರೆ ನಿಮಗೆ ಅವಳ ಮೇಲಿರುವುದು ಸಿಟ್ಟಲ್ಲ, ಮಮತೆ. ಆದರೆ ಅವಳು ಯಾಕೆ ಬರಲಿಲ್ಲ ಎಂಬ ಒಂದು ಮಾತು ಪತ್ರದಲ್ಲಿಲ್ಲ. ಮನೆಯಲ್ಲಿ ಬೇಡವೆಂದರೋ, ಕಾಲು ನೋವಿತ್ತೋ, ಸುಮ್ಮನೆ ಸಾಕೆನಿಸಿತೋ? ಶಿರಸಿ ದೊಡ್ಡ ಊರೇನಲ್ಲ. ಅವಳು ಅಲ್ಲೇ ಎಲ್ಲೋ ಇದ್ದರೆ ಒಮ್ಮೆ ಹೋಗಿ ಕೇಳಿ. ಅವಳು ಹೇಳಿದ್ದನ್ನು ನಮಗೆ ಬರೆಯಿರಿ, ಹೆಸರು ಹಾಕದೆ ಪ್ರಕಟಿಸುತ್ತೇನೆ.