‘ರನ್ ಔಟ್ ಆಫ್’ ಎಂಬುದನ್ನು ಬಳಸುವುದು ಹೇಗೆ?

ನೀವು ಕೇಳಿರುವ ‘ರನ್ ಔಟ್ ಆಫ್’ ಎಂಬುದರಲ್ಲಿ ಓಡುವ ಅರ್ಥವಿಲ್ಲ. ಇದ್ದದ್ದೆಲ್ಲ ಬಳಸಿ ತೀರಿತು ಎಂದೇ ಅದರ ಅರ್ಥ. ತೊಗರಿಯ ಕಣಜವಾದ ನಮ್ಮ ಕಲಬುರಗಿಯಲ್ಲೂ ಒಲೆಯ ಮೇಲೆ ಎಸರು ಕುದಿಯುವಾಗ ಡಬ್ಬಿಯ ತಳ ಕಂಡರೆ ನಾವು ‘ಬೇಳೆ ತೀರಿತು’ ಎನ್ನುತ್ತೇವೆ, ಅಂದರೆ ಕನ್ನಡದಲ್ಲಿ ಬೇಳೆಯೇ ಕರ್ತೃ. ಇಂಗ್ಲಿಷಿನಲ್ಲಾದರೋ ಮನೆಯವರು ಕರ್ತೃವಾಗಿ ‘ವಿ ಹ್ಯಾವ್ ರನ್ ಔಟ್ ಆಫ್ ದಾಲ್’ ಎಂದಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬೇಳೆಯನ್ನೇ ಕರ್ತೃವಾಗಿಸಿದರೆ ‘ಆಫ್’ ಬರಬಾರದು: ‘ದ ದಾಲ್ ಹ್ಯಾಸ್ ರನ್ ಔಟ್’. ಸಾಮಾನ್ಯ ಭೂತಕಾಲದಲ್ಲಿ ರೂಪವು ‘ರ್‍ಯಾನ್’ ಎಂದಾಗುತ್ತದೆ. ಬೀದರಿನ ದಾರಿಯಲ್ಲಿ ಡೀಸೆಲ್ ಮುಗಿದು ಬಸ್ ನಿಂತರೆ ‘ದ ಬಸ್ ರ್‍ಯಾನ್ ಔಟ್ ಆಫ್ ಡೀಸೆಲ್’ ಎನ್ನಬೇಕು. ಸಮಯ, ಹಣ, ತಾಳ್ಮೆಗಳಿಗೂ ಇದು ಹೊಂದುತ್ತದೆ.