ಮೊದಲ ಪಾಠ ‘ಅ’ ಅಲ್ಲ, ‘ಕೂಲಿ’
ಓದುಗರ ಪ್ರಶ್ನೆ, ನಮ್ಮ ಉತ್ತರ – ಈ ಸಲ: ವಯಸ್ಕರ ಕಲಿಕೆ

ಪ್ರಶ್ನೆ: ಊರಿನ ಹನ್ನೆರಡು ಹೆಂಗಸರಿಗೆ ಸಂಜೆ ಹೊತ್ತು ಓದು ಬರಹ ಹೇಳಿಕೊಡುತ್ತಿದ್ದೇನೆ. ಅ, ಆ, ಇ, ಈಯಿಂದ ಶುರು ಮಾಡಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಐದೇ ಜನ ಉಳಿದರು. ‘ಅವರ ಜೀವನಾನುಭವ ಬಳಸಿಕೊಂಡು ಪಾಠ ಮಾಡಿ’ ಎಂದು ತರಬೇತಿಯಲ್ಲಿ ಹೇಳಿದ್ದರು. ಬಳಸಿಕೊಳ್ಳುವುದು ಅಂದರೆ ನಿಜಕ್ಕೂ ಏನು ಮಾಡಬೇಕು?
– ಸ್ವಯಂಸೇವಕಿ, ಮಂಡ್ಯ ಜಿಲ್ಲೆ

ಉತ್ತರ: ಸ್ವರಗಳಿಂದ ಹೊರಟರೆ ಮೊದಲ ವಾರವೆಲ್ಲ ತಿದ್ದುವುದೇ ಆಗುತ್ತದೆ, ಓದುವುದಕ್ಕೆ ಒಂದು ಪದವೂ ಕೈಗೆ ಸಿಗುವುದಿಲ್ಲ. ಹಗಲೆಲ್ಲ ಕಳೆ ಕಿತ್ತು ಬಂದವರು ಅಷ್ಟು ದಿನ ಕಾಯುವುದಿಲ್ಲ. ಕಾಯಬೇಕಾಗಿಯೂ ಇಲ್ಲ. ಅವರ ಬಾಯಲ್ಲಿ ದಿನವೂ ಓಡಾಡುವ ಒಂದು ಪದದಿಂದ ಶುರು ಮಾಡಿ.

ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಲೊ ಫ್ರೈರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳ ಪಾಠ ನಡೆಸಿದ್ದು ಇದೇ ದಾರಿಯಲ್ಲಿ. ಅವರ ಹೆಸರಿನೊಂದಿಗೆ ಸದಾ ಬರುವ ಪದ ‘ತಿಜೋಲೊ’, ಅಂದರೆ ಇಟ್ಟಿಗೆ. ಪದ ತೋರಿಸಿ, ಬಿಡಿಸಿ, ಒಂದೊಂದು ತುಂಡಿಗೂ ತ-ತೆ-ತಿ-ತೊ-ತು ಎಂದು ಸಾಲು ಕಟ್ಟಿ, ಆ ಸಾಲುಗಳಿಂದ ಹೊಸ ಪದ ಮಾಡಿಸುವುದು ಆ ಕ್ರಮ. ಹೇಳಿ ಕೇಳಿ ಇದು ನಮ್ಮ ಕಾಗುಣಿತವೇ. ಆದರೆ ‘ಇಟ್ಟಿಗೆ’ಯನ್ನು ಹಾಗೆಯೇ ತಂದುಕೊಂಡರೆ ಕೆಟ್ಟಿರಿ. ಮೊದಲಿಗೇ ಸ್ವರ, ನಡುವೆ ಒತ್ತಕ್ಷರ. ಗದ್ದೆ, ಕಬ್ಬು, ಅಕ್ಕಿ, ಬೆಲ್ಲಕ್ಕೂ ಅದೇ ತೊಡಕು. ಅವರ ಬದುಕಿನ ಪದವಾಗಿರಬೇಕು, ಜೊತೆಗೆ ಒತ್ತಿಲ್ಲದ, ಬಿಡಿಸಿದರೆ ಬಿಡುವ ಪದವೂ ಆಗಿರಬೇಕು.

ನಿಮ್ಮ ಕಡೆಗೆ ಒಪ್ಪುವ ಮೂರು ಪದ ಹೇಳುತ್ತೇವೆ: ಕೂಲಿ, ರಾಗಿ, ಸಾಲ.

ಮೊದಲ ಹತ್ತು ನಿಮಿಷ ಬರಿ ಮಾತು. ನಾಟಿಗೆ ಕೂಲಿ ಎಷ್ಟು, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಯಾಕೆ ಹಾಗೆ? ಮಾತು ಕಾವೇರಿದಾಗ ‘ಕೂಲಿ’ ಎಂದು ಅಂಗೈಯಗಲ ದಪ್ಪಕ್ಷರದಲ್ಲಿ ಬರೆಯಿರಿ. ಬೆರಳಿಟ್ಟು ಎಲ್ಲರೂ ಓದಲಿ. ಬಳಿಕ ಕೂ, ಲಿ ಎಂದು ಬಿಡಿಸಿ. ಒಂದರ ಕೆಳಗೊಂದು ಎರಡು ಸಾಲು: ಕ ಕಾ ಕಿ ಕೀ ಕು ಕೂ ಕೆ ಕೇ ಕೊ ಕೋ; ಲ ಲಾ ಲಿ ಲೀ ಲು ಲೂ ಲೆ ಲೇ ಲೊ ಲೋ. ಹತ್ತೇ ಸಾಕು. ಕೃ, ಕೈ, ಕೌ, ಕಂ ಈಗ ಬೇಡ. ಕಃ ಯಾವಾಗಲೂ ಕಾಯಬಲ್ಲದು. ಈಗ ಕಡ್ಡಿ ಅವರ ಕೈಗೆ ಕೊಟ್ಟು, ‘ಇದರಲ್ಲಿ ಎರಡನ್ನು ಸೇರಿಸಿ ಏನಾದರೂ ಮಾತು ಬರುತ್ತಾ ನೋಡಕ್ಕ’ ಅನ್ನಿ. ಕಾಲು, ಕೋಲು, ಕೀಲು, ಕಲೆ, ಲಾಲಿ ಅವರೇ ಹುಡುಕುತ್ತಾರೆ. ಅರ್ಥವಿಲ್ಲದ ಪದ ಬಂದರೂ ಓದಿಸಿ, ನಗಲಿ.

‘ರಾಗಿ’ ಬಂದಾಗ ಕೆರೆ, ಕರು, ಗಾಲಿ, ಗರಿ, ಗಿರಾಕಿ ಹುಟ್ಟುತ್ತವೆ. ‘ಸಾಲ’ ಸೇರಿದರೆ ಕಸ, ಸೀರೆ, ಸೇರು, ಕೆಲಸ, ಕೊನೆಗೆ ‘ಸರಕಾರ’ ಕೂಡ. ಐದೇ ವ್ಯಂಜನ, ಮೂರು ಪದ! ಪ್ರತಿ ಪದಕ್ಕೆ ಒಂದೂವರೆ ಗಂಟೆಯ ಎರಡು ತರಗತಿ ಹಿಡಿಯಿರಿ.

ಎಡವುವ ಜಾಗ ಒಂದಿದೆ. ‘ಮನೆ’ ಸುಲಭ ಅನ್ನಿಸುತ್ತದೆ, ಆದರೆ ಮ ಮತ್ತು ವ ಒಂದೇ ಮೈಕಟ್ಟಿನವು. ಪ, ಷ ಕೂಡ ಅಕ್ಕಪಕ್ಕದವು. ಇವುಗಳನ್ನು ಒಂದೇ ವಾರದಲ್ಲಿ ತಂದರೆ ಗಲಿಬಿಲಿಯಾಗುತ್ತದೆ. ಮ, ಯ ಗುಣಿತದಲ್ಲೂ ದಾರಿ ತಪ್ಪಿಸುತ್ತವೆ, ಹತ್ತು ಪದ ದಾಟಿದ ಮೇಲೆ ಬರಲಿ. ಒತ್ತಕ್ಷರವನ್ನು ಅಕ್ಕ, ಅಪ್ಪ, ಅಮ್ಮನಿಂದಲೇ ಶುರು ಮಾಡಿ. ತಂಗಿ, ತಮ್ಮ ಎಂದು ಬರೆಯುವ ಆಸೆಯೂ ಅಷ್ಟರಲ್ಲಿ ಅವರಿಗೆ ಬಂದಿರುತ್ತದೆ.

ಪ್ರಶ್ನೆ: ನಮ್ಮ ಕಲಿಯುವವರು ‘ಹಾಲು’ ಬರೆಯಿರಿ ಅಂದರೆ ‘ಆಲು’ ಎಂದು ಬರೆಯುತ್ತಾರೆ. ಆಸ್ಪತ್ರೆಗೆ ಮಾತ್ರ ‘ಹಾಸ್ಪತ್ರೆ’! ಎಷ್ಟು ತಿದ್ದಿದರೂ ಅಷ್ಟೇ.
– ಶಿಕ್ಷಕ, ರಾಮನಗರ

ಉತ್ತರ: ಅವರ ಕಿವಿಯಾಗಲಿ ಬುದ್ಧಿಯಾಗಲಿ ಮೋಸ ಮಾಡಿಲ್ಲ. ಅವರ ಮಾತಿನಲ್ಲಿ ಹಕಾರವೇ ಇಲ್ಲ. ಆಡಿದಂತೆ ಬರೆದಿದ್ದಾರೆ, ನೀವು ಕಲಿಸಿದ್ದೂ ಅದನ್ನೇ. ‘ಹಾಸ್ಪತ್ರೆ’ ನಿಮ್ಮ ತಿದ್ದುವಿಕೆಯ ಫಲ. ‘ಹ ಬಿಟ್ಟೆ’ ಎಂದು ಬೈಸಿಕೊಂಡವರು ಎಲ್ಲಿ ಬೇಕೋ ಅಲ್ಲಿ, ಬೇಡದ ಕಡೆಯಲ್ಲೂ ಅದನ್ನು ಸಿಕ್ಕಿಸುತ್ತಾರೆ. ಉಚ್ಚಾರಣೆ ತಿದ್ದುವುದನ್ನು ಬಿಟ್ಟುಬಿಡಿ. ‘ನಾವು ಆಲು ಅಂತೀವಿ, ಬರೆಯುವಾಗ ಹೀಗೆ’ ಎಂದು ಹಾಲಿನ ಪ್ಯಾಕೆಟ್ಟನ್ನೇ ಗೋಡೆಗೆ ಅಂಟಿಸಿ. ಹಸು, ಹಿಟ್ಟು, ಹೊಲ, ಹಣ ಹೀಗೆ ಹದಿನೈದು ಇಪ್ಪತ್ತು ಪದ ಕಣ್ಣಿಗೆ ಅಭ್ಯಾಸವಾದರೆ ಸಾಕು. ಇಲ್ಲಿ ಕಿವಿಗಿಂತ ಕಣ್ಣೇ ಗುರು.

ಅವರು ಹೇಳಿದ್ದನ್ನು ನೀವು ಹಲಗೆಯ ಮೇಲೆ ಬರೆದು ಓದಿಸುವಾಗಲೂ ಇದನ್ನು ನೆನಪಿಡಿ. ‘ಬೆಳಿಗ್ಗೆ ಎದ್ದು ಕಸ ಗುಡಿಸ್ತೀನಿ’ ಅಂದದ್ದನ್ನು ‘ನಾನು ಪ್ರಾತಃಕಾಲದಲ್ಲಿ’ ಮಾಡಿದರೆ ಅದು ಅವರ ವಾಕ್ಯವಾಗಿ ಉಳಿಯುವುದಿಲ್ಲ, ಓದುವಾಗ ಮುಂದಿನ ಪದ ಊಹೆಗೆ ಸಿಗುವುದೂ ಇಲ್ಲ. ಪದಗಳು ಅವರವೇ ಇರಲಿ, ಕಾಗುಣಿತ ಪುಸ್ತಕದ್ದಿರಲಿ. ಒಂದು ಸಲಕ್ಕೆ ನಾಲ್ಕೈದು ವಾಕ್ಯ, ವಾಕ್ಯಕ್ಕೆ ಐದಾರು ಪದ.

ಪ್ರಶ್ನೆ: ‘ನಿಮ್ಮ ಬದುಕಿನ ಬಗ್ಗೆ ಹೇಳಿ’ ಅಂದೆ. ಒಬ್ಬರು ಗಂಡನ ಕುಡಿತದ ಕಥೆ ಹೇಳುತ್ತ ಅತ್ತುಬಿಟ್ಟರು. ಮರುದಿನ ಅವರು ಬರಲೇ ಇಲ್ಲ.
– ಹೆಸರು ಬೇಡ, ಹಾವೇರಿ

ಉತ್ತರ: ಪ್ರಶ್ನೆಯೇ ದೊಡ್ಡದಾಯಿತು. ಬದುಕನ್ನು ಕೇಳಬೇಡಿ, ಕೆಲಸವನ್ನು ಕೇಳಿ. ಮಜ್ಜಿಗೆ ಕಡೆಯುವಾಗ ಬೆಣ್ಣೆ ಬಾರದಿದ್ದರೆ ಏನು ಮಾಡುತ್ತೀರಿ, ರೊಟ್ಟಿ ಹರಿಯದಂತೆ ಹಿಟ್ಟು ಹೇಗೆ ನಾದುತ್ತೀರಿ, ಬೀಜದ ಜೋಳವನ್ನು ಹುಳ ಹಿಡಿಯದಂತೆ ಹೇಗೆ ಇಡುತ್ತೀರಿ? ಇಂಥದ್ದರಲ್ಲಿ ಅವರೇ ಬಲ್ಲವರು, ನೀವು ಕೇಳಿ ತಿಳಿಯುವವರು. ಮೊದಲು ಇದು, ಆಮೇಲೆ ಅದು ಎಂಬ ಕ್ರಮವೂ ಇರುವುದರಿಂದ ವಾಕ್ಯಗಳು ತಾವಾಗಿ ಸಾಲುಗಟ್ಟುತ್ತವೆ.

ಯಾರಾದರೂ ತಾವಾಗಿಯೇ ಮನಸ್ಸು ಬಿಚ್ಚಿದರೆ ಬಳಪ ಕೆಳಗಿಡಿ. ಅದನ್ನು ಹಲಗೆಯ ಮೇಲೆ ಬರೆಯಬೇಡಿ, ಪಾಠ ಮಾಡಬೇಡಿ. ಹೊಡೆತ ಬಡಿತದ ಮಾತಿದ್ದರೆ ತರಗತಿ ಮುಗಿದ ಮೇಲೆ ಒಬ್ಬರೇ ಇದ್ದಾಗ ಮಹಿಳಾ ಸಹಾಯವಾಣಿ 181ರ ಸಂಖ್ಯೆ ಹೇಳಿ. ಈಗ ಅವರ ಮನೆಗೆ ಒಮ್ಮೆ ಹೋಗಿ ಬನ್ನಿ, ಆದರೆ ಆ ದಿನದ ವಿಷಯ ನೀವಾಗಿ ಎತ್ತಬೇಡಿ.

ಪ್ರಶ್ನೆ: ಸಂತೆಯಲ್ಲಿ ಸರಸರ ಲೆಕ್ಕ ಮಾಡುವವರು ನೋಟುಬುಕ್ಕಿನಲ್ಲಿ ಕಳೆಯುವ ಲೆಕ್ಕ ತಪ್ಪುತ್ತಾರೆ. ಯಾಕೆ?
– ಓದುಗ, ತುಮಕೂರು

ಉತ್ತರ: ಅವರು ಕಳೆಯುವುದೇ ಇಲ್ಲ, ಕೂಡುತ್ತಾರೆ. 340 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟರೆ ‘340ಕ್ಕೆ 60 ಸೇರಿದರೆ 400, ಇನ್ನು 100 ಸೇರಿದರೆ 500, ಒಟ್ಟು 160’ ಅನ್ನುತ್ತಾರೆ. ನೀವು ಬಲಗಡೆಯಿಂದ ಶುರು ಮಾಡಿ ಪಕ್ಕದ ಮನೆಯಿಂದ ಸಾಲ ತರಿಸುತ್ತೀರಿ. ಎರಡು ದಾರಿ ಅಡ್ಡ ಬಂದು ಲೆಕ್ಕ ಕೆಡುತ್ತದೆ. ಮೊದಲು ಅವರ ದಾರಿಯನ್ನೇ ಕಾಗದಕ್ಕೆ ಇಳಿಸಿ: 340 + 60 = 400, 400 + 100 = 500. ಕೂಡುವ ಗುರುತು, ಸಮ ಗುರುತು ಪಳಗಿದ ಮೇಲೆ ಶಾಲೆಯ ಕ್ರಮ ತೋರಿಸಿ. ಅಂಕಿ 1, 2, 3 ಮೊದಲಿರಲಿ, ನೋಟು ಮತ್ತು ಮೊಬೈಲಿನಲ್ಲಿ ಇರುವುದು ಅವೇ. ೧, ೨, ೩ ಆಮೇಲೆ ಒಂದೇ ದಿನದಲ್ಲಿ ಬರುತ್ತವೆ.

ದಶಮಾಂಶಕ್ಕೆ ಡೇರಿ ಚೀಟಿಗಿಂತ ಒಳ್ಳೆಯ ಪುಸ್ತಕವಿಲ್ಲ. ಬೆಳಿಗ್ಗೆ 4.5 ಲೀಟರ್, ಸಂಜೆ 3.25 ಲೀಟರ್ ಕೂಡಿಸಿ ಅನ್ನಿ. ಬಲಕ್ಕೆ ಒತ್ತಿ ಬರೆದವರಿಗೆ 3.70 ಬರುತ್ತದೆ. ತಕ್ಷಣ ಅಳಿಸಬೇಡಿ. ‘ಬೆಳಿಗ್ಗೆ ಒಂದೇ ಹೊತ್ತಿಗೆ ನಾಲ್ಕೂವರೆ ಹಾಕಿದ್ರಿ, ಇಡೀ ದಿನಕ್ಕೆ ಅದಕ್ಕಿಂತ ಕಮ್ಮಿಯಾ?’ ಎಂದು ಕೇಳಿ. ತಪ್ಪನ್ನು ಅವರೇ ಹಿಡಿಯುತ್ತಾರೆ. ಆಗ 4.5ನ್ನು 4.50 ಎಂದು ಬರೆಸಿ, ಚುಕ್ಕಿಯ ಕೆಳಗೆ ಚುಕ್ಕಿ ಇಡಿಸಿ: 7.75. ಮರುದಿನ 4.05 ಮತ್ತು 4.5ರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆ.

ಬಡ್ಡಿ ಲೆಕ್ಕವೂ ಬೇಕು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಅಂದರೆ ವರ್ಷಕ್ಕೆ ನೂರಕ್ಕೆ 36. ಹತ್ತು ಸಾವಿರಕ್ಕೆ 3,600. ಆದರೆ ಲೆಕ್ಕದ ಮೊತ್ತ ನೀವೇ ಕಲ್ಪಿಸಿ ಕೊಡಿ. ‘ನಿಮಗೆಷ್ಟು ಸಾಲ ಇದೆ’ ಎಂದು ನಾಲ್ಕು ಜನರೆದುರು ಕೇಳಬಾರದು.

ಪ್ರಶ್ನೆ: ಐವತ್ತು ದಾಟಿದ ಒಬ್ಬರು ಹಲಗೆಯ ಮೇಲಿನದು ಓದುತ್ತಾರೆ, ಪುಸ್ತಕ ಕೊಟ್ಟರೆ ಮರೆತೆ ಅನ್ನುತ್ತಾರೆ. ವಯಸ್ಸಾದ ಮೇಲೆ ಕಲಿಯುವುದು ಕಷ್ಟವೇ? ಇದೆಲ್ಲ ಉಲ್ಲಾಸ್ (ಕೇಂದ್ರ ಸರಕಾರದ ವಯಸ್ಕರ ಸಾಕ್ಷರತಾ ಕಾರ್ಯಕ್ರಮ) ಪರೀಕ್ಷೆಗೆ ಬರುತ್ತದೆಯೇ?
– ಸ್ವಯಂಸೇವಕ, ಬಳ್ಳಾರಿ

ಉತ್ತರ: ಮರೆವಲ್ಲ, ಚಾಳೀಸು; ವಯಸ್ಸಾದಂತೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಪುಸ್ತಕವನ್ನು ತೋಳುದ್ದ ದೂರ ಹಿಡಿದರೆ ಓದುತ್ತಾರಾ ನೋಡಿ. ಓದಿದರೆ ಕಣ್ಣು ತೋರಿಸಿ ಹತ್ತಿರದ ಕನ್ನಡಕ ಕೊಡಿಸಿ. ಅಲ್ಲಿಯವರೆಗೆ ಒಂದಂಗುಲ ಎತ್ತರದ ಅಕ್ಷರ ಬರೆದುಕೊಡಿ, ದೀಪ ಅವರ ಬೆನ್ನ ಹಿಂದೆ ಬೇಡ, ಪಕ್ಕದಲ್ಲಿರಲಿ.

ಪರೀಕ್ಷೆ 150 ಅಂಕದ್ದು: ಓದು, ಬರಹ, ಲೆಕ್ಕ, ತಲಾ 50. ಪಾಠದ ಪದ ಬೇರೆಯಾದರೂ ಅಕ್ಷರ ಅವೇ. ಕೊನೆಯ ಎರಡು ವಾರ ಮಾತ್ರ ಪ್ರಶ್ನೆಪತ್ರಿಕೆಯ ರೂಪ ಪರಿಚಯಿಸಿ. ಬಿಟ್ಟ ಸ್ಥಳ ತುಂಬುವುದು, ಹೊಂದಿಸಿ ಬರೆಯುವುದು ಏನೆಂದು ಗೊತ್ತಿಲ್ಲದೆ ತಪ್ಪುವವರೇ ಹೆಚ್ಚು.